ಭಟ್ಟಿ ಆರುವ ರಾತ್ರಿ

ಸಾಲಗಾಮೆ ರಸ್ತೆಯ ಈ ಬೇಕರಿಯಲ್ಲಿ
ಹನ್ನೊಂದು ವರ್ಷದಿಂದ ನಾನು
ಕೇಕಿನ ಮೇಲೆ ಹೆಸರು ಬರೆಯುವವಳು.
ಬೇರೆಯವರ ಹೆಸರು, ಬೇರೆಯವರ ಹಾರೈಕೆ.
ಡಿಸೆಂಬರಿನಲ್ಲಿ ಮೊಣಕೈವರೆಗೂ ಸಕ್ಕರೆ.
ರಾತ್ರಿ ಗೋಡೆ ಇಳಿದು ಇರುವೆಗಳು ಹಾಸಿಗೆಗೆ ಬರುತ್ತವೆ,
ನನ್ನನ್ನೇ ಹಬ್ಬವೆಂದು ತಿಳಿದು.

ಇಪ್ಪತ್ನಾಲ್ಕರಂದು ನೂರ ಆರು ಪ್ಲಮ್ ಕೇಕು.
ಎಲ್ಲಕ್ಕೂ ಅದೇ ಸಾಲು, ಅದೇ ಎಲೆ, ಅದೇ ಗಂಟೆ.
ಗಾಜಿನ ಮೇಲೆ ಓನರ್ ಅಂಟಿಸಿದ ಹತ್ತಿಯ ಹಿಮ.
ಬಡವರ ಊಟಿ ಅಂತಾರೆ ಹಾಸನವನ್ನು;
ಬಡವರಿಗೆ ಹಿಮ ಎಲ್ಲಿಂದ ಬರಬೇಕು?
ಹೊರಗೆ ಬರೀ ಮಂಜು, ಅದಕ್ಕೆ ಕಾಸಿಲ್ಲ.

ನಾನು ಆ ದೇವರವಳಲ್ಲ. ಈಚೆಗೆ ಈ ದೇವರವಳೂ ಅಲ್ಲ.
ಧನುರ್ಮಾಸದ ಹುಗ್ಗಿಗೆ ಅತ್ತಿಗೆ ಕರೆದರೆ
ದೊನ್ನೆ ಇಸಿದುಕೊಂಡು ಕೈಮುಗಿಯಲು ಮರೆತು ಬರುತ್ತೇನೆ.

ಆದರೆ ಇಪ್ಪತ್ತೈದರ ರಾತ್ರಿ ಭಟ್ಟಿ ಆರುತ್ತದೆ.
ವರ್ಷಕ್ಕೆ ಒಂದೇ ಸಲ.
ಗಾರೆಯ ದಾಸಪ್ಪ ಬಂದು ಒಳಗಿನ ಬಿರುಕಿಟ್ಟಿಗೆ ಬದಲಿಸಬೇಕು,
ಅದಕ್ಕೂ ಮೊದಲು ಅದು ತಾನಾಗಿ ತಣಿಯಬೇಕು.
ನೀರು ಹಾಕುವಂತಿಲ್ಲ, ಹಾಕಿದರೆ ಸೀಳುತ್ತದೆ.
ಕೆಂಡ ಎಳೆದು, ಶಟರ್ ಅರ್ಧ ಇಳಿಸಿ
ಓನರ್ ಮನೆಗೆ ಹೋದ ಮೇಲೆ
ಒಳಗೆ ಉಳಿಯುತ್ತದೆ ಒಂದು ರಾತ್ರಿಯ ಬಿಸಿ,
ಯಾರ ಬಿಲ್ಲಿನಲ್ಲೂ ಇಲ್ಲದ್ದು.

ಮೊದಲ ವರ್ಷ ನಾನೊಬ್ಬಳೇ, ನಾಲ್ಕು ಗೆಣಸು.
ಮನೆಗೆ ಹೋಗಲು ಮನಸ್ಸಿಲ್ಲದ ವರ್ಷ ಅದು; ಕಾರಣ ಬಿಡಿ.
ಮರುವರ್ಷ ಎದುರಿನ ಲ್ಯಾಬಿನ ಫಿಲೋಮಿನಾ
ಬೆಳಿಗ್ಗೆಯಿಂದ ಎಲ್ಲರಿಗೂ ನಕ್ಕು ನಕ್ಕು
ದವಡೆ ನೋಯುತ್ತೆ ಕಣೇ, ನಂಗೂ ಒಂದಿಡು, ಅಂತ ಬಂದಳು.
ಆಮೇಲೆ ಆಟೋ ರಂಗಶೆಟ್ಟಿ,
ಕಟ್ಟಿನಕೆರೆ ಮಾರ್ಕೆಟ್ಟಿನ ಸೊಗಡವರೆ ಒಂದು ಚೀಲ.
(ಚಿಲ್ಲರೆಗೆ ಅವನೊಡನೆ ಜಗಳವಾಡಿದ್ದೆ ಅದೇ ವಾರ.)
ಈ ಸಲ ಹಾಸ್ಟೆಲ್ಲಿನ ಹುಲಿಗೆಮ್ಮ, ಮಾನ್ವಿ ಕಡೆಯವಳು,
ರಜೆ ಕೊಟ್ಟರೂ ಊರಿಗೆ ಹೋಗದವಳು,
ಕಂಬಳಿಯೊಳಗಿಂದ ಒಂದು ಹಿಡಿ ಶೇಂಗಾ ತೆಗೆದಳು.

ಯಾರೂ ಯಾರಿಗೂ ಹಾರೈಸುವುದಿಲ್ಲ. ಬೆರಳು ಸುಟ್ಟುಕೊಳ್ಳುತ್ತೇವೆ.
ರಂಗಶೆಟ್ಟಿಯದು ಪ್ರತಿ ವರ್ಷ ಅದೇ ಹಾವಿನ ಕತೆ,
ಹಾವು ಮಾತ್ರ ವರ್ಷಕ್ಕೊಂದು ಮೊಳ ಬೆಳೆದಿರುತ್ತದೆ.
ಒಂದು ಸಲ ಫಿಲೋಮಿನಾ ಇದ್ದಕ್ಕಿದ್ದಂತೆ ಅತ್ತಳು.
ನಾವು ಅವರೆ ಸುಲಿಯುತ್ತಲೇ ಇದ್ದೆವು.
ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿಲ್ಲ.

'ಅಕ್ಕಾರ, ಇದು ಯಾವ ಹಬ್ಬ ರೀ?'
ಕೇಳಿದ್ದು ಹುಲಿಗೆಮ್ಮ.
ನಾವು ಮುಖ ಮುಖ ನೋಡಿಕೊಂಡೆವು,
ಕದ್ದು ತಿನ್ನುವಾಗ ಸಿಕ್ಕಿಬಿದ್ದವರಂತೆ.
ಹೆಸರಿಡಬಹುದಿತ್ತು, ಅದೇ ನನ್ನ ಕಸುಬು.
ಇಟ್ಟರೆ ನಾಳೆ ಓನರ್ ಗಾಜಿಗೆ ಅಂಟಿಸುತ್ತಾನೆ,
ಅರ್ಧ ಕೆಜಿಗೆ ಇಷ್ಟು ಅಂತ.
'ತಿನ್ನು, ಆರಿಹೋಗುತ್ತೆ' ಅಂದೆ.

'ಹಂಗಾದ್ರ ನಿಮ್ಮ ಹೆಸರರ ಬರೀರಿ' ಅಂತ
ಸುಟ್ಟ ಗೆಣಸು ಮುಂದೆ ಹಿಡಿದಳು.
ಉಳಿದಿದ್ದ ಕೋನು ಹಿಂಡಿದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ: ಪು ಬಂತು, ಟ್ಟ ಬಂತು,
ಲ ಬರೆಯುವಷ್ಟರಲ್ಲಿ ಪು ಕರಗಿ ಹರಿದು
ಅವಳ ಮಣಿಕಟ್ಟಿನವರೆಗೂ ಇಳಿಯಿತು.
ಕ್ಷ್ಮಿಗೆ ಕಾಯದೆ ನೆಕ್ಕಿಬಿಟ್ಟಳು.
ನಾನು ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಬೆಳಿಗ್ಗೆ ದಾಸಪ್ಪ ತಲೆಗೆ ಟವೆಲ್ ಸುತ್ತಿ
ಭಟ್ಟಿಯೊಳಗೆ ತೆವಳಿದ. ಕಾಲು ಹೊರಗೆ, ದನಿ ಒಳಗೆ:
'ಇನ್ನೂ ಬೆಚ್ಚಗೈತೆ ಕಣಮ್ಮ, ನಾಳೀಕೆ ಬತ್ತೀನಿ.'
ಹೊರಬಂದು ಅಂಗೈ ಬಿಚ್ಚಿದ.
ಇಟ್ಟಿಗೆ ಸಂದಿಯ ಒಂದು ಅವರೆಕಾಳು, ಇದ್ದಿಲಿನಷ್ಟು ಕಪ್ಪು.
ಯಾವ ವರ್ಷದ್ದೋ.

ಏಪ್ರನ್ ಜೇಬಿಗೆ ಹಾಕಿಕೊಂಡು
ಆರ್ಡರ್ ಪುಸ್ತಕ ತೆಗೆದೆ.
ಹೊಸ ವರ್ಷಕ್ಕೆ ಐವತ್ತೆರಡು.